ಹಾಲು ಬಿಡಿಸಿದ ಹನ್ನೊಂದು ಮರಿಗಳು

ತಾಯಿಯಿಂದ ಬೇರೆ ಮಾಡಿದ ಮೊದಲ ವಾರ ಹಂದಿಮರಿಗಳು ಒಂದೋ ತಿಂದು ಚೇತರಿಸಿಕೊಳ್ಳುತ್ತವೆ, ಇಲ್ಲವೇ ಭೇದಿ ಹಿಡಿದು ಸೊರಗುತ್ತವೆ. ಆ ಸಲ ನಮ್ಮ ಹನ್ನೊಂದು ಮರಿಗಳಿಗೆ ಮೀನಿನ ಪುಡಿಯ ಬದಲು ಹುದುಗಿಸಿದ ಸೋಯಾ ಹಿಂಡಿ ಹಾಕೋಣ ಎಂದವಳು ನಾನು. ಪಟ್ಟಣದ ಸಂಜೆ ತರಗತಿಯಲ್ಲಿ ಎರಡು ಚಳಿಗಾಲ ಕೂತು ಕಲಿತ ವಿಷಯ ಅದು. ಸೋಯಾ ಹಾಗೇ ಹಾಕಿದರೆ ಎಳೆಯ ಕರುಳಿಗೆ ಒಗ್ಗುವುದಿಲ್ಲ, ಮೂರು ದಿನ ಬೆಚ್ಚಗಿಟ್ಟು ಹುದುಗಿಸಿದರೆ ಒಗ್ಗುತ್ತದೆ.

ನನ್ನ ಗಂಡ ಹೆಗುವಾಂಗ್ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಒಂದು ಮರಿ ಮಲಗಿದ್ರೂ ನಿನ್ನ ಸೋಯಾ ತಿಪ್ಪೆಗೆ. ಆಮೇಲೆ ಅಳಬಾರದು."

ಹಿಂಡಿಯನ್ನು ಎರಡು ಸಲ ತೂಗಿದೆ. ಮೂರನೆಯ ಸಲವೂ ತೂಗಿದೆ ಅನ್ನಿಸುತ್ತದೆ. ಜಾಡಿಗೆ ಹಳೆಯ ಹತ್ತಿಯ ರಜಾಯಿ ಸುತ್ತಿ, ಗಳಿಗೆಗೊಮ್ಮೆ ಶಾಖ ನೋಡುತ್ತಿದ್ದೆ.

"ಮೊಮ್ಮಗುನ ಮಲಗಿಸ್ತಿದೀಯೇನೇ ಚುನ್?" ಎಂದು ಅತ್ತೆ ನಕ್ಕರು. ಅವರು ನಲವತ್ತು ವರ್ಷದಿಂದ ಅಂಗಳದ ಜಾಡಿಗಳಲ್ಲಿ ಕಾಳು ಹುದುಗಿಸಿ, ಮೆಣಸಿನಕಾಯಿ ಬೆರೆಸಿ ಖಾರ ಮಾಡುವವರು. ಬಿಸಿಲು ಬಂದರೆ ಮುಚ್ಚಳ ತೆಗೆಯುವುದು, ಮೋಡ ಕಂಡರೆ ಮುಚ್ಚುವುದು, ಅದೇ ಅವರ ದಿನಚರಿ.

ಹೊಸ ಮೇವು ಹಾಕಿದ ಮರುದಿನ ಬೆಳಿಗ್ಗೆ ದೊಡ್ಡಿಗೆ ಹೋದರೆ ಮರಿಗಳು ಒದ್ದೆ ಗೋಡೆಯನ್ನು ನೆಕ್ಕುತ್ತಿದ್ದವು. ಪಂಪು ಕೆಟ್ಟು, ಬಾವಿಯಿಂದ ಹೊತ್ತು ತಂದ ನೀರನ್ನು ಎರಡು ಹೊತ್ತು ಮಾತ್ರ ಹಾಕುತ್ತಿದ್ದೆವು. ಒಂದು ಮರಿ ಮೂತಿ ಮೇಲೆತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದು, ದೊಪ್ಪೆಂದು ಬಿದ್ದು, ಕಾಲು ಬಡಿಯತೊಡಗಿತು.

"ಆಯ್ತಲ್ಲ! ಇದೇನಾ ನಿನ್ನ ಶಾಲೆ ಕಲಿಸಿದ್ದು?" ಎಂದ ಹೆಗುವಾಂಗ್.

ಏನೇ ಕೆಟ್ಟರೂ ಕೆಡಿಸಿದವಳು ನಾನೇ ಎಂಬುದು ನನಗೆ ಮೊದಲು ಹೊಳೆಯುವ ಯೋಚನೆ. ಓಡಿ ಹೋಗಿ ನೋಟ್‌ಪುಸ್ತಕ ತೆರೆದು ಎಲ್ಲ ಲೆಕ್ಕವನ್ನೂ ಮತ್ತೆ ನೋಡಿದೆ. ಸರಿಯಾಗಿತ್ತು. ಮತ್ತೆ ದೊಡ್ಡಿಗೆ ಬಂದು ನೆಲ ನೋಡಿದೆ. ಭೇದಿಯ ಗುರುತೇ ಇರಲಿಲ್ಲ. ಸೋಯಾ ಒಗ್ಗದಿದ್ದರೆ ಮೊದಲು ಹೊಟ್ಟೆ ಕೆಡಬೇಕಿತ್ತು. ತೊಟ್ಟಿಯಿಂದ ಒಂದು ಚಿಟಿಕೆ ಮೇವು ತೆಗೆದು ನಾಲಿಗೆಗೆ ಇಟ್ಟುಕೊಂಡೆ.

ಉಪ್ಪು! ನಾಲಿಗೆ ಚುರುಗುಟ್ಟುವಷ್ಟು ಉಪ್ಪು.

ಅಷ್ಟರಲ್ಲಿ ಹೆಗುವಾಂಗ್ ನೀರು ತುಂಬಿದ ಬಕೆಟ್ ತಂದು ತೊಟ್ಟಿಗೆ ಸುರಿಯುವುದರಲ್ಲಿದ್ದ. ನಾನು ಅದರ ಹಿಡಿಕೆ ಹಿಡಿದುಕೊಂಡೆ.

"ಬಾಯಾರಿ ಸಾಯ್ತಿವೆ, ಬಿಡೇ!"

"ಮೇವಲ್ಲಿ ಬರೀ ಉಪ್ಪು. ಈಗ ಒಂದೇ ಸಲ ಕುಡಿದ್ರೆ ಮಿದುಳು ಊದಿ ಸಾಯ್ತವೆ. ಸ್ವಲ್ಪ ಸ್ವಲ್ಪ ಕೊಡ್ಬೇಕು. ಬೋಗುಣಿ ತಗೊಂಡ್ಬಾ."

"ಹಾಗಂತ ಯಾರು ಹೇಳಿದ್ದು?"

"ನಾನು ಹೇಳ್ತಿದೀನಿ. ಹೋಗು."

ಅವನು ಹೋದ. ಹೋದನಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಬೋಗುಣಿಗಳೊಂದಿಗೆ ಅತ್ತೆಯೂ ಬಂದರು. "ಮೇವಿಗೆ ಉಪ್ಪು ಎಲ್ಲಿಂದ ಬಂತು?" ಎಂದು ಹೆಗುವಾಂಗ್ ಕೇಳಿದಾಗ ನಾನು ಬೋಗುಣಿಗಳಿಗೆ ನೀರು ಸುರಿಯತೊಡಗಿದೆ. ಹುದುಗುವ ಕಾಳನ್ನು ಕಂಡರೆ ಯಾರ ಕೈ ಉಪ್ಪಿನ ಮಡಕೆಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. ಹೇಳಿದರೆ ಸೋಯಾ ಉಳಿಯುತ್ತಿತ್ತು, ಆದರೆ ಮಗನೆದುರು ಅತ್ತೆಯ ಮಾನ ಹೋಗುತ್ತಿತ್ತು.

"ಅವಳ ಮುಖ ಯಾಕೋ ನೋಡ್ತೀಯ? ನಾನೇ ಹಾಕಿದ್ದು," ಎಂದರು ಅತ್ತೆ. "ಮೊನ್ನೆ ರುಚಿ ನೋಡಿದ್ರೆ ಬರೀ ಸಪ್ಪೆ. ಪಾಪ, ಮರೆತಿದ್ದಾಳೆ, ನಿನಗೆ ಗೊತ್ತಾದ್ರೆ ಕೂಗಾಡ್ತೀಯ ಅಂತ ಸದ್ದಿಲ್ದೆ ಆರು ಬೊಗಸೆ ಹಾಕಿ ಕಲಸಿದೆ. ಉಪ್ಪಿಲ್ದೆ ಯಾವ ಕಾಳು ಉಳಿಯುತ್ತೆ?"

"ಅಮ್ಮಾ, ಅದು ಹಂದಿಗೆ!"

"ಗೊತ್ತು ಕಣೋ. ಹಂದಿಗೆ ನಾಲಿಗೆ ಇಲ್ವಾ?"

ನಗುವ ಹೊತ್ತಲ್ಲ, ಆದರೂ ನಗು ಬಂತು. ಆಮೇಲೆ ಮೂವರೂ ದೊಡ್ಡಿಯೊಳಗೆ ಕೂತೆವು. ಕಾಲು ಗಂಟೆಗೊಮ್ಮೆ ಮರಿಗೆ ಇಷ್ಟೇ ಎಂದು ನಾನು ಅಳೆದು ಕೊಟ್ಟೆ. ಜಗಳವಾಡುವ ಮರಿಗಳನ್ನು ಹೆಗುವಾಂಗ್ ಹಿಡಿದುಕೊಂಡ. ಬಿದ್ದ ಮರಿಯನ್ನು ಅತ್ತೆ ಮಡಿಲಲ್ಲಿಟ್ಟುಕೊಂಡು, ಒದ್ದೆ ಬಟ್ಟೆಯನ್ನು ಅದರ ತುಟಿಗೆ ಒತ್ತುತ್ತ, "ಕುಡಿ ಕಂದ, ತಪ್ಪಾಯ್ತು," ಎನ್ನುತ್ತಿದ್ದರು. ನನಗೆ ಎಂದೂ ಹೇಳದ ಮಾತು. ಮಧ್ಯಾಹ್ನದ ಹೊತ್ತಿಗೆ ಹತ್ತು ಮರಿಗಳು ಒಂದರ ಮೇಲೊಂದು ಬಿದ್ದು ನಿದ್ದೆಹೋದವು. ಹನ್ನೊಂದನೆಯದು ಹೊತ್ತಿಳಿಯುವಾಗ ಅತ್ತೆಯ ಮಡಿಲಿನಿಂದ ಜಾರಿ, ಗೋಡೆಗೆ ಒರಗಿ ನಿಂತಿತು.

"ಹಾಗಾದ್ರೆ ನಾಳೆ ಮೀನಿನ ಪುಡಿ ತರ್ಲಾ?" ಎಂದ ಹೆಗುವಾಂಗ್. "ಮರಿ ಮಲಗಿತ್ತಲ್ಲ."

"ಅದು ಮಲಗಿದ್ದು ಉಪ್ಪಿಗೆ. ನಿನ್ನ ಷರತ್ತು ಸೋಯಾದ್ದು. ಹೊಸ ಜಾಡಿ ಇಡ್ತೀನಿ, ಅಲ್ಲಿವರೆಗೆ ಗಂಜಿ ಸಾಕು." ಅತ್ತೆಯ ಕಡೆ ತಿರುಗಿದೆ. "ಹಿಂಡಿ ನೀವೇ ಕಲಸಿ ಅತ್ತೆ. ನಿಮ್ಮ ಕೈಯ ಹದ ನನಗೆ ಬರಲ್ಲ."

"ಉಪ್ಪು?"

"ಒಂದು ಹರಳೂ ಬೇಡ."

"ಸಪ್ಪೆ ತಿನ್ನಿಸಿ ಮಕ್ಕಳನ್ನ ಬೆಳೆಸ್ತಾಳಂತೆ," ಎಂದು ಗೊಣಗುತ್ತಲೇ ಅವರು ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿಕೊಂಡರು.

ಮೂರು ದಿನ ಕಳೆದು ಮುಚ್ಚಳ ತೆಗೆದಾಗ ಮಾಗಿದ ಹಣ್ಣಿನಂಥ ಹುಳಿ ಪರಿಮಳ ಬಂತು. ಹೆಗುವಾಂಗ್ ತೊಟ್ಟಿಯ ಬಳಿ ನಿಂತು ಒಂದೊಂದೇ ಮೂತಿ ಎಣಿಸಿದ. ಎರಡು ದಿನ ಬಿಟ್ಟು ಕಡ್ಡಿಯಿಂದ ಅವುಗಳ ಹಿಕ್ಕೆ ಕೆದಕಿ ನೋಡಿ, "ಗಟ್ಟಿಯಾಗಿದೆ," ಎಂದ. ಮೀನಿನ ಪುಡಿಯ ಮಾತು ಎತ್ತಲಿಲ್ಲ.