ಆಲ್ಟರ್ ಆಗದ ವೀಸಾ

ಟೇಲರಪ್ಪನ ಮಗಳು ಇಂಗ್ಲಿಷ್ ಪಾಠ ಮಾಡಲು ಹೊರದೇಶಕ್ಕೆ ಹೊರಟಿದ್ದಾಳೆ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಹಬ್ಬಿಸಿದವರು ಯಾರೆಂದು ಹುಡುಕಬೇಕಾಗಿರಲಿಲ್ಲ. ಸ್ವತಃ ಟೇಲರಪ್ಪನೇ. ಅಂಗಿಗೆ ಅಳತೆ ಕೊಡಲು ಬಂದವರು ಎರಡೂ ಕೈ ಎತ್ತಿ ನಿಂತಿರುವಾಗ, ಅಂದರೆ ಓಡಿಹೋಗಲು ದಾರಿಯೇ ಇಲ್ಲದಿರುವಾಗ, ಅವರ ಎದೆಗೆ ಟೇಪು ಸುತ್ತುತ್ತಾ ಶುರು ಮಾಡುತ್ತಿದ್ದ.

"ನಮ್ಮ ಹುಡುಗಿನ ಹೊರದೇಶದ ಸ್ಕೂಲಿನೋರು ಆರಿಸಿದ್ದಾರೆ ಕಣ್ರೀ. ಇಂಟರ್‌ವ್ಯೂ ಎಲ್ಲ ಫೋನಲ್ಲೇ. ಮುಖ ಕಾಣೋ ಫೋನು!"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಗಳು ಇಂಗ್ಲಿಷಿನಲ್ಲಿ ಪದವಿ ಪಡೆದು, ಶಿಕ್ಷಕರ ತರಬೇತಿಯನ್ನೂ ಮುಗಿಸಿ, ಕೆಲವು ವರ್ಷಗಳಿಂದ ಪಕ್ಕದ ಬೀದಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಹೊರದೇಶದ ಶಾಲೆಯವರು ಅವಳ ಪಾಠವನ್ನು ನೋಡಿ, ಮಾತಾಡಿಸಿ, ಕೆಲಸ ಕೊಡುತ್ತೇವೆ ಎಂದು ಬರೆದಿದ್ದರು. ಆದರೆ ಅವರು ಇನ್ನೊಂದು ಮಾತನ್ನೂ ಬರೆದಿದ್ದರು: ನಿಮ್ಮ ಕೆಲಸದ ವೀಸಾಕ್ಕಾಗಿ ಇಲ್ಲಿನ ಸರ್ಕಾರದಿಂದ ನಾವು ಮೊದಲು ಅನುಮತಿ ಪಡೆಯಬೇಕು; ಅದಕ್ಕೆ ಕೆಲವು ತಿಂಗಳು ಹಿಡಿಯಬಹುದು. ಈ ಮಾತು ಮಾತ್ರ ಟೇಲರಪ್ಪನ ಅಂಗಡಿ ದಾಟಿ ಬೀದಿಗೆ ಬಂದಿರಲಿಲ್ಲ.

ಹಾಗಾಗಿ ಬೀದಿಯವರು ಕಾದರು, ಕಾದರು. ಕೊನೆಗೆ ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ಕೂಗಿದ: "ಏನ್ ಟೇಲರಪ್ಪ, ವಿಮಾನ ಪಂಕ್ಚರ್ ಆಯ್ತಾ?"

ಟೇಲರಪ್ಪ ನಕ್ಕ. ಆದರೆ ಅಂದು ಹೊಲಿದ ಕಾಲರು ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದ. ಅವನ ಕೈಯಿಂದ ಕಾಲರು ಸೊಟ್ಟಗಾಗುವುದು ಎಂದರೆ ಸಣ್ಣ ವಿಷಯವಲ್ಲ.

ಇಂಥ ಹೊತ್ತಿಗೇ ಕೋಟಿಗೆ ಗುಂಡಿ ಹಾಕಿಸಲು ಏಜೆಂಟ್ ಬಂದ. ಜನರನ್ನು ಹೊರದೇಶಕ್ಕೆ ಕಳಿಸುವ ಕಚೇರಿ ಇಟ್ಟುಕೊಂಡಿದ್ದ ಅವನಿಗೆ ಎದುರಿಗಿರುವವರ ಮಾತಿನಲ್ಲೇ ಮಾತಾಡುವ ಕಲೆ ಚೆನ್ನಾಗಿ ಸಿದ್ಧಿಸಿತ್ತು. ಡ್ರೈವರ್ ಬಂದರೆ "ಗೇರ್ ಬದಲಾಯಿಸಿದಷ್ಟೇ ಸುಲಭ" ಎನ್ನುತ್ತಿದ್ದ. ಅಡುಗೆಯವರು ಬಂದರೆ "ಒಂದು ಕುದಿ ಬಂದ್ರೆ ಆಯ್ತು" ಎನ್ನುತ್ತಿದ್ದ. ಟೇಲರಪ್ಪನ ಎದುರು ಸ್ಟೂಲಿನ ಮೇಲೆ ಕುಳಿತು ಅವನು ಹೇಳಿದ್ದು ಇಷ್ಟು:

"ಕೆಲಸದ ವೀಸಾಕ್ಕೆ ಯಾಕಣ್ಣ ಕಾಯ್ತೀರಿ? ವಿಸಿಟ್ ವೀಸಾ ಮಾಡಿಸಿ ಕಳಿಸಿಬಿಡೋಣ. ಬೇಗ ಸಿಗುತ್ತೆ. ಹೋಗಿ ಕೆಲಸಕ್ಕೆ ಸೇರ್ಕೊಳ್ಳಲಿ. ಆಮೇಲೆ ಅಲ್ಲೇ ಆಲ್ಟರ್ ಮಾಡಿಸ್ಕೊಂಡ್ರಾಯ್ತು."

ಆಲ್ಟರ್! ಆ ಒಂದು ಪದ ಟೇಲರಪ್ಪನ ಕಿವಿಗೆ ಜೇನು ಸುರಿದಂತಾಯಿತು. ಅವನ ಬದುಕೇ ಆಲ್ಟರ್ ಮೇಲೆ ನಿಂತಿತ್ತು. ಉದ್ದ ಇದ್ದದ್ದನ್ನು ಗಿಡ್ಡ ಮಾಡಿದ್ದ, ಬಿಗಿಯಾದದ್ದನ್ನು ಸಡಿಲ ಮಾಡಿದ್ದ, ಅಣ್ಣನ ಕೋಟನ್ನು ತಮ್ಮನಿಗೆ ಕೂರಿಸಿದ್ದ. ಸರಿಯಾದ ಟೇಲರ್ ಸಿಕ್ಕರೆ ಆಲ್ಟರ್ ಆಗದ್ದು ಜಗತ್ತಿನಲ್ಲಿ ಏನಿದೆ? ವೀಸಾ ಯಾವ ದೊಡ್ಡ ಮಾತು!

ಮರುದಿನ ಬೆಳಿಗ್ಗೆ ಮಗಳು ಶಾಲೆಗೆ ಹೋದ ಮೇಲೆ ಬೀರುವಿನಿಂದ ಅವಳ ಪಾಸ್‌ಪೋರ್ಟ್ ತೆಗೆದು ಏಜೆಂಟನಿಗೆ ಕೊಟ್ಟು ಬಂದ. ಸಂಜೆ ಅವಳು ಬಂದಾಗ ಬಹುಮಾನ ಕೊಡುವವನ ಹಾಗೆ ಸುದ್ದಿ ಹೇಳಿದ.

ಮಗಳು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು.

"ಅಪ್ಪಾ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಕಾಯೋಣ ಅಂತಿದ್ದೆ. ಕಾದು ಕಾದು ನಾನು ಬೀದಿಯೋರ ಬಾಯಿಗೆ ಸಿಕ್ಕಿದ್ದೀನಲ್ಲಮ್ಮ."

"ಯಾಕೆ ಬಂದೆ ಅಂತ ಅಲ್ಲಿಯೋರು ಕೇಳಿದ್ರೆ ಏನು ಹೇಳಲಿ?"

"ಊರು ನೋಡೋಕೆ ಬಂದೆ ಅನ್ನಬೇಕಂತೆ. ಎಲ್ಲರೂ ಹಾಗೇ ಅಂತಾರಂತೆ."

ಒಳಗಿನಿಂದ ಅವನ ಹೆಂಡತಿ ಹೇಳಿದಳು: "ಚೆನ್ನಾಗಿದೆ. ಟೀಚರ್ ಕೆಲಸಕ್ಕೆ ಸುಳ್ಳು ಹೇಳ್ಕೊಂಡು ಸೇರೋದು. ಪುಣ್ಯಾತ್ಮ, ಒಂದು ಗುಂಡಿ ಹಾಕೋಕೆ ಮೂರು ಸಲ ಗುರುತು ಹಾಕ್ತೀರಿ. ಮಗಳ ಪಾಸ್‌ಪೋರ್ಟ್ ಕೊಡೋವಾಗ ಒಂದು ಸಲಾನಾದರೂ ಯೋಚನೆ ಮಾಡೋದಲ್ವಾ?"

ಮಗಳು ಜಗಳವಾಡಲಿಲ್ಲ. ಟೇಲರಪ್ಪನ ಅಕ್ಕನ ಮಗಳಿಗೆ ಫೋನ್ ಮಾಡಿದಳು. ಈ ಅಕ್ಕನ ಮಗಳು ಹೊರದೇಶದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ಬಂದವಳು; ಈಗ ಕಾಲೇಜಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದಳು. ಮರುದಿನ ಮಧ್ಯಾಹ್ನವೇ ಅಂಗಡಿಗೆ ಬಂದಳು. ಅರ್ಧ ಹೊಲಿದ ಕೋಟುಗಳನ್ನು ಸರಿಸಿ ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕುಳಿತಳು.

"ಏನ್ ಮಾವ, ವೀಸಾ ಆಲ್ಟರ್ ಮಾಡೋ ಅಂಗಡಿ ಬೇರೆ ತೆಗೆದ್ರಂತೆ?"

"ನಗು, ನಗು. ನೀನು ಹೋಗಿಬಂದಿದ್ದೀಯ, ನಗ್ತೀಯ. ಆ ಮನುಷ್ಯ ಎಷ್ಟು ಜನರನ್ನ ಹಿಂಗೆ ಕಳಿಸಿದ್ದಾನಂತೆ ಗೊತ್ತಾ?"

"ಕಳಿಸಿರಬಹುದು ಮಾವ. ಅವರಲ್ಲಿ ಎಷ್ಟು ಜನ ಅಲ್ಲಿ ನೆಮ್ಮದಿಯಾಗಿದ್ದಾರೆ ಅಂತ ಕೇಳಿದ್ರಾ?"

ಟೇಲರಪ್ಪ ಸೂಜಿಗೆ ದಾರ ಪೋಣಿಸತೊಡಗಿದ.

"ಒಂದು ಮಾತು ಕೇಳ್ತೀನಿ" ಎಂದಳು ಅಕ್ಕನ ಮಗಳು. "ನಾಳೆ ನಾನೊಂದು ಪ್ಯಾಂಟ್ ತರ್ತೀನಿ. ಇದನ್ನ ಆಲ್ಟರ್ ಮಾಡಿ ಕೋಟ್ ಮಾಡಿಕೊಡಿ ಮಾವ ಅಂದ್ರೆ ಮಾಡಿಕೊಡ್ತೀರಾ?"

"ಪ್ಯಾಂಟನ್ನ ಕೋಟ್ ಮಾಡೋಕೆ ನಾನೇನು ಮಂತ್ರವಾದಿನಾ?"

"ಯಾಕಾಗಲ್ಲ? ಎರಡೂ ಬಟ್ಟೆನೇ ಅಲ್ವಾ?"

"ಬಟ್ಟೆ ಒಂದೇ ಇರಬಹುದು ಕಣೇ. ಅಳತೆ ಬೇರೆ, ಕಟಿಂಗೇ ಬೇರೆ. ಅದನ್ನ ಮೊದಲಿಂದಾನೇ ಕೋಟು ಅಂತ ಕತ್ತರಿಸಬೇಕು…" ಎಂದವನು ಮಾತು ಅರ್ಧಕ್ಕೇ ನಿಲ್ಲಿಸಿದ. ಅವಳು ತನ್ನನ್ನು ಎಲ್ಲಿಗೆ ಕರೆತಂದು ನಿಲ್ಲಿಸಿದಳೆಂದು ಅವನಿಗೆ ಹೊಳೆಯಿತು.

"ಅಷ್ಟೇ ಮಾವ. ಎರಡಕ್ಕೂ ವೀಸಾ ಅಂತಾನೇ ಹೆಸರು. ಆದ್ರೆ ವಿಸಿಟ್ ವೀಸಾ ಊರು ನೋಡೋರಿಗೆ, ನೆಂಟರನ್ನ ಕಾಣೋರಿಗೆ. ಅದನ್ನ ಇಟ್ಕೊಂಡು ಸಂಬಳಕ್ಕೆ ಪಾಠ ಮಾಡಿದ್ರೆ ತಪ್ಪು. ಸಿಕ್ಕಿಬಿದ್ರೆ ವಾಪಸ್ ಕಳಿಸ್ತಾರೆ, ಮತ್ತೆ ಬರದ ಹಾಗೆ ಬಾಗಿಲು ಹಾಕ್ಬಹುದು. ಕೆಲಸದ ವೀಸಾ ಬೇರೇನೇ. ಅದಕ್ಕೆ ಸ್ಕೂಲು ಮುಂದೆ ನಿಂತು, ಈ ಟೀಚರ್ ನಮಗೆ ಬೇಕು ಅಂತ ಸರ್ಕಾರಕ್ಕೆ ಹೇಳ್ಬೇಕು."

"ಅಲ್ಲಿ ಹೋದ್ಮೇಲೆ ಬದಲಾಯಿಸೋಕೆ ಎಲ್ಲೂ ಆಗೋದೇ ಇಲ್ವಾ?"

"ಒಂದೆರಡು ಕಡೆ ಅವಕಾಶ ಇರಬಹುದು ಮಾವ, ಇಲ್ಲ ಅನ್ನಲ್ಲ. ಒಂದೊಂದು ದೇಶಕ್ಕೆ ಒಂದೊಂದು ಕಾನೂನು. ಕೆಲವು ದೇಶಗಳಂತೂ ಇಂಗ್ಲಿಷ್ ಟೀಚರ್ ವೀಸಾನ ಬೆರಳೆಣಿಕೆಯಷ್ಟು ದೇಶದೋರಿಗೆ ಮಾತ್ರ ಕೊಡ್ತವೆ. ನಮಗೆ ಎಷ್ಟು ಡಿಗ್ರಿ ಇದ್ರೂ ಕೊಡಲ್ಲ. ಇವಳು ಹೋಗೋ ದೇಶ ಹಾಗಲ್ಲ, ಓದು ಮತ್ತು ಅನುಭವ ನೋಡುತ್ತೆ. ಆದ್ರೆ ವಿಸಿಟ್ ವೀಸಾ ಬದಲಾಯಿಸಿಕೊಡಲ್ಲ ಅಂತ ಅವರ ರಾಯಭಾರ ಕಚೇರಿಯ ವೆಬ್‌ಸೈಟಲ್ಲೇ ಹಾಕಿದ್ದಾರೆ. ನನ್ನ ಮಾತು ನಂಬಬೇಡಿ, ಏಜೆಂಟ್ ಮಾತೂ ನಂಬಬೇಡಿ. ಕೆಲಸ ಕೊಡೋರನ್ನೇ ಕೇಳಿ."

ಮಗಳು ಅಷ್ಟರಲ್ಲಿ ಶಾಲೆ ಮುಗಿಸಿ ಬಂದಿದ್ದಳು. ಹೊಲಿಗೆ ಯಂತ್ರದ ಮೇಲೆ ಫೋನ್ ಒರಗಿಸಿ ಹೊರದೇಶದ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಕರೆ ಮಾಡಿದಳು. ಪರದೆಯಲ್ಲಿ ನರೆಗೂದಲಿನ ಹೆಂಗಸೊಬ್ಬರು ಕಾಣಿಸಿಕೊಂಡರು. ಟೇಲರಪ್ಪ ತಾನೂ ಕಾಣಿಸುತ್ತೇನೆಂದು ತಿಳಿದು, ಕುತ್ತಿಗೆಯ ಟೇಪನ್ನು ಸರಿಯಾಗಿ ಇಳಿಬಿಟ್ಟುಕೊಂಡು ನೆಟ್ಟಗೆ ನಿಂತ.

ಮಗಳು ಮಾತಾಡತೊಡಗಿದಳು. ಅವಳು ಇಂಗ್ಲಿಷ್ ಬಲ್ಲಳೆಂದು ಟೇಲರಪ್ಪನಿಗೆ ಗೊತ್ತಿತ್ತು. ಆದರೆ ಅವಳು ಅದನ್ನು ಹೀಗೆ ಮಾತಾಡುವುದನ್ನು ಅವನು ಎಂದೂ ಕೇಳಿರಲಿಲ್ಲ. ತಡವರಿಸಲಿಲ್ಲ, ಅವಸರಪಡಲಿಲ್ಲ. ಎದುರಿನವರು ನಗುವಂತೆ ಏನೋ ಹೇಳಿದಳು, ಅವರು ನಕ್ಕರು. ಅವರು ಏನೋ ಕೇಳಿದರು. ಇವಳು ಒಂದು ಕ್ಷಣ ಯೋಚಿಸಿ ನಿಧಾನವಾಗಿ ಉತ್ತರಿಸಿದಳು. ತನಗಿಂತ ಹಿರಿಯರ ಮುಂದೆ ಅಂಜಿಕೆಯೂ ಇಲ್ಲದೆ ಗತ್ತೂ ಇಲ್ಲದೆ ಮಾತಾಡುತ್ತಿದ್ದ ಆ ಹೆಣ್ಣುಮಗಳು ಯಾರು? ತನ್ನ ಅಂಗಡಿಯಲ್ಲಿ ತುಂಡು ಬಟ್ಟೆಗಳ ರಾಶಿಯ ಮೇಲೆ ಮಲಗಿ ಬೆಳೆದ ಕೂಸೇ? ಟೇಲರಪ್ಪನ ಎದೆಯ ಅಳತೆ ಆ ಹೊತ್ತಿಗೆ ಒಂದಿಷ್ಟು ಹೆಚ್ಚೇ ಆಗಿದ್ದಿರಬೇಕು.

ಕೊನೆಗೆ ಮಗಳು ವಿಸಿಟ್ ವೀಸಾ ವಿಷಯ ಕೇಳಿದಳು. ಮುಖ್ಯೋಪಾಧ್ಯಾಯಿನಿಯ ನಗು ನಿಂತಿತು. "ನೋ" ಎಂದರು. ಮತ್ತೆ "ನೋ, ನೋ" ಎಂದರು. ಅಷ್ಟು ಅರ್ಥವಾಗಲು ಟೇಲರಪ್ಪನಿಗೆ ಡಿಗ್ರಿ ಬೇಕಿರಲಿಲ್ಲ.

ಕರೆ ಮುಗಿದ ಮೇಲೆ ಮಗಳು ಉಳಿದದ್ದನ್ನು ಬಿಡಿಸಿ ಹೇಳಿದಳು: "ಹಾಗೆ ಬಂದ್ರೆ ನನ್ನನ್ನ ಕ್ಲಾಸಿಗೆ ಬಿಡೋ ಹಾಗಿಲ್ವಂತೆ. ಕೊಟ್ಟ ಕೆಲಸಾನೂ ವಾಪಸ್ ತಗೋಬೇಕಾಗುತ್ತಂತೆ. ನನ್ನ ಅರ್ಜಿಗಾಗಿ ಅವರು ಓಡಾಡ್ತಿದ್ದಾರೆ ಅಪ್ಪ. 'ನೀನು ನಮಗೆ ಬೇಕು, ಅದಕ್ಕೇ ಸರಿಯಾಗಿ ಬಾ' ಅಂದ್ರು."

ಟೇಲರಪ್ಪ ಎದ್ದು, ಬಾಗಿಲನ್ನು ಅರ್ಧ ಎಳೆದು, ಅಕ್ಕನ ಮಗಳ ಜೊತೆ ನೇರವಾಗಿ ಏಜೆಂಟನ ಕಚೇರಿಗೆ ಹೋದ.

ಏಜೆಂಟ್ ಕುರ್ಚಿ ಎಳೆದು ಕೊಟ್ಟ. "ಬನ್ನಿ ಅಣ್ಣ! ಎಲ್ಲ ರೆಡಿ ಆಗ್ತಾ ಇದೆ."

"ನಿಲ್ಲಿಸಿ. ಪಾಸ್‌ಪೋರ್ಟ್ ಕೊಡಿ ಸ್ವಾಮಿ."

"ಯಾಕಣ್ಣ? ಯಾರು ತಲೆ ಕೆಡಿಸಿದ್ರು? ಇಂಥ ಅವಕಾಶ ಮತ್ತೆ ಬರಲ್ಲ."

"ಸ್ಕೂಲಿನೋರನ್ನೇ ಕೇಳಿದ್ವಿ. ಆಗಲ್ಲ ಅಂದ್ರು. ಆಗುತ್ತೆ ಅಂತ ನೀವು ಬರೆದು ಸಹಿ ಹಾಕಿ ಕೊಡ್ತೀರಾ?"

ಏಜೆಂಟ್ ಫ್ಯಾನಿನ ಕಡೆ ನೋಡಿದ. "ಬರೆದುಕೊಡೋದೆಲ್ಲ ನಮ್ಮಲ್ಲಿ ಪದ್ಧತಿ ಇಲ್ಲ. ಪಾಸ್‌ಪೋರ್ಟ್ ಒಳಗಡೆ ಇದೆ, ನಾಳೆ ಬನ್ನಿ."

"ಪಾಸ್‌ಪೋರ್ಟ್ ಅವಳದ್ದು" ಎಂದಳು ಅಕ್ಕನ ಮಗಳು. "ಇಟ್ಕೊಳ್ಳೋ ಹಕ್ಕು ನಿಮಗಿಲ್ಲ. ಈಗ ಕೊಟ್ರೆ ಇಲ್ಲಿಂದ ಮನೆಗೆ ಹೋಗ್ತೀವಿ. ಇಲ್ಲಾಂದ್ರೆ ಠಾಣೆಗೆ. ದಾರಿ ಎರಡೂ ಹತ್ತಿರಾನೇ."

ಒಳಗಡೆ ಇದ್ದ ಪಾಸ್‌ಪೋರ್ಟ್ ಅವನ ಮೇಜಿನ ಖಾನೆಯಿಂದಲೇ ಹೊರಬಂತು.

ಆಮೇಲಿನ ಕೆಲಸ ಕಾಜ ಹೊಲಿದ ಹಾಗೆ ಸಣ್ಣದು, ನಿಧಾನದ್ದು. ಹೊಲಿಗೆ ಒಂದು ತಪ್ಪಿದರೂ ಗುಂಡಿ ಕೂರುವುದಿಲ್ಲ. ಪದವಿಯ ಮತ್ತು ತರಬೇತಿಯ ಪ್ರಮಾಣಪತ್ರಗಳಿಗೆ ಸರ್ಕಾರದ ದೃಢೀಕರಣ ಮಾಡಿಸಬೇಕಿತ್ತು. ಪೊಲೀಸರಿಂದ ನಡತೆಯ ಪತ್ರ, ವೈದ್ಯರ ತಪಾಸಣೆ, ಪಾಠ ಮಾಡಿದ ಅನುಭವಕ್ಕೆ ಈಗಿನ ಶಾಲೆಯ ಪತ್ರ. ಒಮ್ಮೆ ದೃಢೀಕರಣದ ಮುದ್ರೆ ಇಲ್ಲದ ನಕಲು ಕಳಿಸಿದ್ದರಿಂದ ಅದು ಹಿಂದಕ್ಕೆ ಬಂತು. "ಬಂದರೆ ಬರಲಿ. ಸರಿ ಮಾಡಿ ಕಳಿಸು" ಎಂದ ಟೇಲರಪ್ಪ. ಕರಾರು ಪತ್ರ ಬಂದಾಗ ಸಂಬಳ, ಪಾಠದ ಅವಧಿ, ವಾಸದ ವ್ಯವಸ್ಥೆ, ಕೆಲಸ ಬಿಟ್ಟರೆ ಏನು ಎಂಬುದನ್ನೆಲ್ಲ ಮಗಳು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದಳು. ಟೇಲರಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಅರ್ಥವಾಗದ ಕಡೆಯಲ್ಲೆಲ್ಲ ಕೈ ಎತ್ತಿ ನಿಲ್ಲಿಸಿದ.

"ಅಪ್ಪ ನಿನ್ನ ಕ್ಲಾಸಿನ ಹುಡುಗರಿಗಿಂತ ವಾಸಿ ಕಣೇ" ಎಂದಳು ಹೆಂಡತಿ. "ಪ್ರಶ್ನೆ ಕೇಳೋಕೆ ಕಲಿತ್ರು."

ಕೆಲಸದ ವೀಸಾ ಬಂತು. ಅದರಲ್ಲಿ ಕಸುಬಿನ ಜಾಗದಲ್ಲಿ "ಟೀಚರ್" ಎಂದು ಅಚ್ಚಾಗಿತ್ತು. ಟೇಲರಪ್ಪ ಕನ್ನಡಕ ಏರಿಸಿ ಆ ಪದವನ್ನು ಒಂದೊಂದೇ ಅಕ್ಷರವಾಗಿ ಕೂಡಿಸಿ ಓದಿದ. ಇಂಗ್ಲಿಷಿನಲ್ಲಿ ಅವನು ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಪದ ಅದು. ಮಗಳು ತಿದ್ದಲಿಲ್ಲ; ತಿದ್ದುವಂಥದ್ದೇನೂ ಇರಲಿಲ್ಲ.

ಅವಳು ಹೊರಟುಹೋದ ಮರುದಿನ ಕ್ಷೌರದಂಗಡಿಯವನು ಅಂಗಿಯ ತೋಳು ಗಿಡ್ಡ ಮಾಡಿಸಲು ಬಂದ.

"ಅಂತೂ ಮಗಳು ಹೊರದೇಶಕ್ಕೆ ಹೋದಳು ಅನ್ನಿ ಟೇಲರಪ್ಪ."

ಟೇಲರಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಗೆರೆ ನೆಟ್ಟಗಿದೆಯೇ ಎಂದು ನೋಡಿ, ಆಮೇಲೆ ತಲೆ ಎತ್ತಿದ.

"ಹೋಗ್ಲಿಲ್ಲ ಕಣಯ್ಯ" ಎಂದ. "ಕರೆಸ್ಕೊಂಡ್ರು."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕಲಿಸಬಲ್ಲ ಮಗಳೋ ಮಗನೋ ಇರಬಹುದು. ಹೊರದೇಶದಲ್ಲಿ ಪಾಠ ಮಾಡುವ ಆಸೆ ಇದ್ದರೆ ಧೈರ್ಯವಾಗಿ ಕಳಿಸಿ, ಆದರೆ ಕೆಲಸದ ವೀಸಾದಲ್ಲೇ ಕಳಿಸಿ. "ಅಲ್ಲಿ ಹೋದ್ಮೇಲೆ ನೋಡ್ಕೊಳ್ಳೋಣ" ಎಂಬ ಮಾತು ಯಾರ ಬಾಯಿಂದ ಬಂದರೂ ಅಲ್ಲೇ ನಿಲ್ಲಿ. ಆ ದೇಶದ ರಾಯಭಾರ ಕಚೇರಿ ಏನು ಹೇಳುತ್ತದೆ ಎಂದು ನೀವೇ ನೋಡಿ. ಕೆಲಸ ಕೊಡುವ ಶಾಲೆಯೊಂದಿಗೆ ನೀವೇ ಮಾತಾಡಿ. ಕರಾರನ್ನು ಪೂರ್ತಿ ಓದದೆ ಸಹಿ ಹಾಕಬೇಡಿ. ವೀಸಾಕ್ಕಾಗಿ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೋ ಅದು ಅಧಿಕೃತವಾಗಿ ನೇಮಿಸಿದ ಕೇಂದ್ರಕ್ಕೋ ನೀವೇ ಕೊಟ್ಟು ರಸೀದಿ ಪಡೆಯಿರಿ, ಬೇರೆಯವರ ಖಾನೆಯಲ್ಲಿ ಬಿಡಬೇಡಿ. ಸ್ವಲ್ಪ ತಡವಾದರೆ ಬೀದಿಯವರು ಆಡಿಕೊಂಡಾರು, ಆಡಿಕೊಳ್ಳಲಿ. ನಿಮ್ಮ ಮಕ್ಕಳು ಆ ತರಗತಿಯ ಬಾಗಿಲಲ್ಲಿ ತಲೆ ಎತ್ತಿಕೊಂಡು ಒಳಗೆ ಹೋಗಲಿ.