ಭಟ್ಟರ ಪಾಲು

ಪೋಕರ್ ಮೀನಿನ ಪೆಟ್ಟಿಗೆಯ ಮುಚ್ಚಳ ಹಾಕಿಬಿಟ್ಟ.

ಹಾಕಿದ್ದಷ್ಟೇ ಅಲ್ಲ, ಮೇಲೆ ಒಂದು ಗೋಣಿಚೀಲ ಎಳೆದ. ಅದೂ ಸಾಲದೆಂದು ತನ್ನ ಮಳೆಕೋಟಿನ ಅಂಚನ್ನು ಹೊದೆಸಿದ. ಆಮೇಲೆ ಸ್ಕೂಟರಿನಿಂದ ಒಂದು ಕಾಲು ಕೆಳಗೂರಿ ಗೌರೀಶಂಕರನನ್ನು ನೋಡಿ ನಕ್ಕ. ಮರ್ಯಾದೆಯ ನಗು.

“ಹೋಗಿ ಭಟ್ರೇ, ನೀವು ದಾಟಿ ಹೋಗಿ. ವಾಸನೆ ಬರ್ತದೆ.”

“ನಾನು ದಾಟ್ಲಿಕ್ಕೆ ಬಂದದ್ದಲ್ಲ.”

“ಮತ್ತೆ? ಗಾಡಿ ಅಡ್ಡ ಆಯ್ತಾ?”

ಗೌರೀಶಂಕರ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕೋಡಿಂಬಾಳದ ಈ ತಿರುವಿನಲ್ಲಿ ಬಾಡಿಗೆಗೆ ಬಂದಾಗಿನಿಂದ ಪೋಕರನ ಸ್ಕೂಟರಿನ ಹಾರ್ನೇ ಅವನ ಬೆಳಗಿನ ಗಡಿಯಾರ. ಅದು ಮೇಲಿನ ಮನೆಗಳವರೆಗೆ ಕೂಗುತ್ತಾ ಬರುತ್ತದೆ, ಅವನ ಗೇಟಿನೆದುರು ಬಾಯಿ ಮುಚ್ಚಿಕೊಳ್ಳುತ್ತದೆ, ಗೇಟು ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಸಾವಾದ ಮನೆಯ ಮುಂದೆ ಹೋಗುವ ಹಾಗೆ. ಮೊದಲು ಅವನಿಗೆ ಅದು ಸೌಜನ್ಯ ಅನ್ನಿಸಿತ್ತು. ಇವತ್ತು ಬೆಳಗಿನವರೆಗೂ ಹಾಗೇ ಅನ್ನಿಸಿತ್ತು.

“ನನಗೆ ಸ್ವಲ್ಪ ಮೀನು ಬೇಕಿತ್ತು,” ಅಂದ.

ಪೋಕರನ ನಗು ಇದ್ದಲ್ಲೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಆಚೆ ಈಚೆ ನೋಡಿ ಸ್ವರ ತಗ್ಗಿಸಿದ. “ನಿಮಗೆ ಎಂತಕ್ಕೆ ಭಟ್ರೇ? ಬೆಕ್ಕಿಗಾ?”

‘ಅಲ್ಲ’ ಎಂಬ ಒಂದು ಶಬ್ದ ಸಾಕಿತ್ತು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವ ಬಾಯಿ ಅದು. ಜಾತಿ, ಮಡಿ, ಮೈಲಿಗೆ ಎಂದರೆ ಬೆಲ್ಲು ಹೊಡೆದರೂ ನಿಲ್ಲದ ಬಾಯಿ.

“ಹೌದು,” ಅಂದ. “ಬೆಕ್ಕಿಗೆ.”

“ಹಾಗೆ ಹೇಳಿ ಮಾರಾಯ್ರೆ! ನಾನೊಮ್ಮೆ ಹೆದರಿಹೋದೆ.” ಪೋಕರ್ ಗೋಣಿಚೀಲ ಸರಿಸಿ ಮುಚ್ಚಳ ತೆಗೆದ. “ಬೆಕ್ಕಿಗಾದ್ರೆ ದುಡ್ಡು ಎಂತಕ್ಕೆ? ಮಳೆಗಾಲಕ್ಕೆ ಬೋಟು ಬಂದ್ ಆದ ಮೇಲೆ ಬರುದೆಲ್ಲ ಐಸಿನ ಮೀನು. ಬೆಕ್ಕಿಗೆ ಅದೆಲ್ಲ ಗೊತ್ತಾಗುದಿಲ್ಲ.”

ಒಂದಿಷ್ಟು ತಲೆ, ಬಾಲ, ಕರುಳನ್ನು ಪ್ಲಾಸ್ಟಿಕ್ಕಿಗೆ ತುಂಬಿದ. ಗೌರೀಶಂಕರ ಕೈ ಚಾಚಿದ. ಪೋಕರ್ ಆ ಕೈಯನ್ನು ನೋಡಿ ನಾಲಿಗೆ ಕಚ್ಚಿಕೊಂಡು, ಬೇಲಿಯ ದಾಸವಾಳದ ಗೆಲ್ಲಿಗೆ ಪೊಟ್ಟಣ ಸಿಕ್ಕಿಸಿದ. “ನೀವು ಮುಟ್ಟುದು ಬೇಡ. ಬೆಕ್ಕು ಬಂದು ತಿಂತದೆ.”

ಸ್ಕೂಟರು ಹೋಯಿತು. ತಿರುವು ದಾಟಿದ ಮೇಲೆ ಹಾರ್ನ್ ಕೂಗಿತು.

ಗೌರೀಶಂಕರನ ಮನೆಯಲ್ಲಿ ಬೆಕ್ಕಿರಲಿಲ್ಲ.

ಜಿಲ್ಲಾಧಿಕಾರಿ ಮಳೆಗೆ ರಜೆ ಕೊಟ್ಟಿದ್ದರು. ಅವನ ಕಾಲೇಜಿಗೂ ರಜೆ, ಹೆಂಡತಿ ಭವಿತಾ ಕಲಿಸುವ ಶಾಲೆಗೂ ರಜೆ. ರಜೆ ಸಿಕ್ಕಿದರೆ ಗಂಡ ಹೆಂಡತಿ ಮಾತಾಡಬೇಕಾಗುತ್ತದೆ. ಅದೇ ತೊಂದರೆ. ಬೆಳಿಗ್ಗೆ ಅವನು ಕಾಫಿ ಹಿಡಿದು ಕೋಣೆಗೆ ಬಂದಾಗ ಅವಳು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು.

“ಸಂಪಾಜೆಗಾ?”

“ಹೌದು.”

“ಅಮ್ಮನಿಗೆ ಹುಷಾರಿಲ್ವಾ?”

“ಅಮ್ಮ ಹುಷಾರುಂಟು. ನನಗೆ ಆಗುದಿಲ್ಲ.”

“ಎಂತ ಆಗುದಿಲ್ಲ?”

“ಇಲ್ಲಿಯ ಊಟ.”

ಅವನಿಗೆ ಅರ್ಥವಾಯಿತು. ಅರ್ಥವಾಗದವನ ಹಾಗೆ ಒಂದು ಗುಟುಕು ಕಾಫಿ ಕುಡಿದ. “ಮೀನು ತಿನ್ನಬೇಡ ಅಂತ ನಾನು ಯಾವತ್ತಾದ್ರೂ ಹೇಳಿದ್ದೇನಾ?”

“ಇಲ್ಲ. ಹೇಳಿದ್ರೆ ಜಗಳವಾದ್ರೂ ಮಾಡ್ಬಹುದಿತ್ತು.” ಅವಳು ಜಿಪ್ ಎಳೆದಳು. “ನೀವು ಹೇಳುದಿಲ್ಲ. ನಾನು ನಮ್ಮ ಕಡೆಯ ಮದುವೆಯಲ್ಲಿ ಮೀನು ಉಂಡು ಬಂದ ದಿನ ಮನೆಯ ಕಿಟಕಿ ಎಲ್ಲ ತೆಗಿತೀರಿ. ಸೆಕೆ ಅಂತ.”

“ಸೆಕೆ ಇತ್ತು.”

“ಮಳೆಗಾಲದಲ್ಲಿ.”

ಅವನು ಭಟ್ಟರ ಮಗ, ಅವಳು ಗೌಡರ ಮಗಳು. ಪುತ್ತೂರಿನಲ್ಲಿ ರಿಜಿಸ್ಟರ್ ಮದುವೆ. ಮನೆಯವರು ಮಾತು ಬಿಟ್ಟರು, ಆಮೇಲೆ ಬೇಸರವಾಗಿ ಶುರುಮಾಡಿದರು. ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಅವನು ಆ ಮದುವೆಯನ್ನು ಉದಾಹರಣೆಯಾಗಿ ಕೊಡುತ್ತಾನೆ, ಯಾರದೋ ಮದುವೆ ಎಂಬಂತೆ. ಮಕ್ಕಳು ಬರೆದುಕೊಳ್ಳುತ್ತಾರೆ.

“ನಾನು ತರ್ತೇನೆ,” ಅಂದಿದ್ದ.

“ಎಂತ?”

“ಮೀನು.”

ಭವಿತಾ ನಕ್ಕಳು. ಅವಳು ಹಾಗೆ ನಗದೆ ಎಷ್ಟೋ ಕಾಲವಾಗಿತ್ತು. ಸಂತೋಷಪಡಬೇಕೋ ಅವಮಾನ ಪಡಬೇಕೋ ಅವನಿಗೆ ತಿಳಿಯಲಿಲ್ಲ.

“ತಂದ್ರೆ ಆಯ್ತಾ? ನಾನೊಬ್ಬಳೇ ತಿನ್ನುದಾದ್ರೆ ನನಗೆ ಜಾಗ ಉಂಟು. ನೀವು ತನ್ನಿ, ನಾನು ಮಾಡ್ತೇನೆ, ಒಂದೇ ಮೇಜಲ್ಲಿ ಕೂತು ಇಬ್ಬರೂ ಉಣ್ಣುವ. ಹಾಗಾದ್ರೆ ನಾನು ಹೋಗುದಿಲ್ಲ.” ನಗು ನಿಂತಿತ್ತು. “ಇಲ್ಲದಿದ್ರೆ ಮಧ್ಯಾಹ್ನದ ಸುಳ್ಯ ಬಸ್ಸಿಗೆ ಹೋಗುದು. ಹೋದ್ರೆ ಮತ್ತೆ ಬರುದಿಲ್ಲ.”

ಜಾಗ ಉಂಟು ಎಂದರೇನು ಎಂದು ಅವನು ಕೇಳಲಿಲ್ಲ. ಕೊಡೆ ತೆಗೆದುಕೊಂಡು ಹೊರಟಿದ್ದ.

ದಾಸವಾಳದ ಗೆಲ್ಲಿಗೆ ಈಗ ಒಂದು ಕಾಗೆ ಬಂದು ಕೂತಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅವನು ತೋಡಿನ ಕಡೆ ನಡೆದ. ಅಲ್ಲಿಂದ ಕೂಗು, ನಗು ಕೇಳುತ್ತಿತ್ತು. ಕುಮಾರಧಾರೆ ತುಂಬಿ ಬಂದ ಮೊದಲ ದೊಡ್ಡ ನೆರೆಗೆ ಮೀನು ಹೊಳೆ ಬಿಟ್ಟು ತೋಡು ಹತ್ತುತ್ತದೆ, ತೋಡು ಬಿಟ್ಟು ಗದ್ದೆಗೆ ನುಗ್ಗುತ್ತದೆ, ಮೊಟ್ಟೆ ಇಡಲಿಕ್ಕೆ. ಊರವರು ಅದಕ್ಕೆ ಉಬರು ಎನ್ನುತ್ತಾರೆ. ಉಬರಿನ ಮೀನನ್ನು ಇಲ್ಲಿ ಯಾರೂ ಮಾರುವುದಿಲ್ಲ. ನೀರಿಗಿಳಿದವರಿಗೆಲ್ಲ ಪಾಲು. ಹಿಡಿದವನಿಗೂ ಅಷ್ಟೇ, ಹಿಡಿಯಲು ಹೋಗಿ ಬಿದ್ದವನಿಗೂ ಅಷ್ಟೇ. ಈ ಪದ್ಧತಿಯ ಬಗ್ಗೆ ಗೌರೀಶಂಕರ ಒಂದು ವಿಚಾರಸಂಕಿರಣದಲ್ಲಿ ಪ್ರಬಂಧ ಓದಿದ್ದ. ಎ.ಸಿ. ಹಾಲ್. ಕಾಲು ಒಣಗಿತ್ತು.

ಗದ್ದೆಯಲ್ಲಿ ಮೊಣಕಾಲು ನೀರು. ಊರಿನ ದೇರಣ್ಣ ಬಲೆಯ ಹಾಗೆ ಹರಡಿದ ಹಳೇ ಸೀರೆಯ ಒಂದು ತುದಿ ಹಿಡಿದಿದ್ದ, ಇನ್ನೊಂದು ತುದಿ ಆಟೋ ಓಡಿಸುವ ಜಯಪ್ರಕಾಶನ ಕೈಯಲ್ಲಿ. ಈಶ್ವರಿ ಸೀರೆ ಎತ್ತಿ ಕಟ್ಟಿ ಬಾಲ್ದಿ ಹಿಡಿದು ನಿಂತಿದ್ದಳು.

“ಹಿಡಿ ಮಾರಾಯ, ಹಿಡಿ! ಅದರತ್ರ ಎಂತ ಆಧಾರ್ ಕಾರ್ಡ್ ಕೇಳ್ತಾ ಕೂತಿದ್ದಿ?” ದೇರಣ್ಣ ಬೊಬ್ಬೆ ಹೊಡೆಯುತ್ತಿದ್ದ.

“ಜಾರ್ತದೆ ದೇರಣ್ಣ!”

“ಜಾರದೆ? ಅದೆಂತ ನಿನ್ನ ಪ್ಯಾಸೆಂಜರಾ, ಹೇಳಿದಲ್ಲಿ ಕೂತುಕೊಳ್ಲಿಕ್ಕೆ?”

ಗೌರೀಶಂಕರ ಬದುವಿನ ಮೇಲೆ ಬಂದು ನಿಂತದ್ದೇ ತಡ, ನಗು ಆರಿತು. ಈಶ್ವರಿ ಬಾಲ್ದಿಯನ್ನು ಹಿಂದಕ್ಕೆ ಸರಿಸಿದಳು. ಜಯಪ್ರಕಾಶ ಹಿಂದೆ ಅವನ ವಿದ್ಯಾರ್ಥಿ. ಸೀರೆ ಬಿಟ್ಟು ಕೈ ಕಟ್ಟಿ ನಿಂತ. ಸೀರೆಯಲ್ಲಿದ್ದ ಮೀನು ಹೋಯಿತು.

“ಸರ್, ನೀವು ಇಲ್ಲಿ? ನಾತ ಉಂಟು ಸರ್ ಇಲ್ಲಿ.”

“ಪರವಾಗಿಲ್ಲ. ನಾನೂ ಇಳಿತೇನೆ.”

ಕೊಡೆಯನ್ನು ಬದುವಿನ ಮೇಲಿಟ್ಟು ಇಳಿದೇ ಬಿಟ್ಟ. ಚಪ್ಪಲಿ ಕೆಸರಿನಲ್ಲಿ ಉಳಿಯಿತು, ಪ್ಯಾಂಟು ಕಾಲಿಗಂಟಿತು. ಯಾರೂ ಬೇಡ ಅನ್ನಲಿಲ್ಲ. ಯಾರೂ ಹತ್ತಿರವೂ ಬರಲಿಲ್ಲ. ಅವನು ಎಡಕ್ಕೆ ಹೋದರೆ ಅವರು ಬಲಕ್ಕೆ ಸರಿದರು. ಬೆರಳ ಸಂದಿಯಲ್ಲಿ ಏನೋ ತಣ್ಣಗೆ ಹರಿದು ಹೋಗುತ್ತಿತ್ತು. ಅವನು ಬಗ್ಗಿದಾಗಲೆಲ್ಲ ಅಲ್ಲಿ ನೀರು ಮಾತ್ರ ಇರುತ್ತಿತ್ತು.

ಕೊನೆಗೆ ಎಲ್ಲರೂ ಬದು ಹತ್ತಿದರು. ದೇರಣ್ಣ ಟಾರ್ಪಾಲಿನ ಮೇಲೆ ಮೀನು ಸುರಿದು ಪಾಲು ಹಾಕತೊಡಗಿದ. “ಇದು ಈಶ್ವರಿದ್ದು. ಇದು ಜೆಪಿದ್ದು. ಇದು ನನ್ನದು.” ಕೈ ಒಂದು ಕ್ಷಣ ನಿಂತಿತು. “ಇದು ಭಟ್ರದ್ದು.”

ಗೌರೀಶಂಕರ ಒಂದು ಹೆಜ್ಜೆ ಮುಂದೆ ಬಂದ. ಬೆಳ್ಳಿಯ ಹಾಗೆ ಮಿರುಗುವ ಒಂದು ಸಣ್ಣ ರಾಶಿ. ತನ್ನ ಹೆಸರಿನ ರಾಶಿ. ಅವನು ಬಗ್ಗುವಷ್ಟರಲ್ಲಿ ದೇರಣ್ಣ ಆ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ ತೋಡಿಗೆ ಹಾಕಿದ.

“ಹೋಗಿ ಮಕ್ಕಳೇ. ಭಟ್ರ ಹೆಸರು ಹೇಳಿ ಬದುಕಿಕೊಳ್ಳಿ.” ಕೈ ತೊಳೆದುಕೊಂಡ. “ಎಲ್ಲ ಪುಣ್ಯ ನಿಮಗೇ ಭಟ್ರೇ. ನಮಗೆ ಎಂತ ಇಲ್ಲ.”

ಈಶ್ವರಿ ನೀರಿಗೆ ಕೈ ಮುಗಿದಳು. ಮುಗಿದು, ಟಾರ್ಪಾಲಿನಲ್ಲಿ ಉಳಿದಿದ್ದ ಇನ್ನೊಂದು ರಾಶಿಯನ್ನು ಮೆಲ್ಲಗೆ ತನ್ನ ಬಾಲ್ದಿಗೆ ಸರಿಸಿಕೊಂಡಳು.

“ಅದು ಯಾರದ್ದು?” ಗೌರೀಶಂಕರ ಕೇಳಿದ.

“ಅದು ಟೀಚರಕ್ಕನದ್ದು,” ಅಂದವಳು ತುಟಿ ಕಚ್ಚಿದಳು.

ಮಳೆ ಜೋರಾಯಿತು. ಜಯಪ್ರಕಾಶ ದೂರದ ರಬ್ಬರ್ ಗುಡ್ಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ಯಾವ ಟೀಚರಕ್ಕ?”

“ನಿಮಗೆ ಗೊತ್ತುಂಟು ಅಂತ ಮಾಡಿದ್ದೆ ಭಟ್ರೇ. ಭವಿತಕ್ಕ ಶನಿವಾರ ಶಾಲೆ ಬಿಟ್ಟು ನಮ್ಮಲ್ಲಿಗೆ ಬರುದು. ಜಗಲಿಯಲ್ಲಿ ಕೂತು ಊಟ ಮಾಡಿ ಹೋಗುದು. ಒಳ್ಳೇ ಜನ. ಬಟ್ಟಲು ತೊಳೆದಿಟ್ಟೇ ಹೋಗುದು.”

ಶನಿವಾರ. ಶನಿವಾರ ಅವಳು ಬರುವುದು ತಡ. ಸೋಪಿನ ಪರಿಮಳ ತುಸು ಹೆಚ್ಚು. ಅವನು ಅನುಮಾನಪಡದೆ ಇರಲು ಎಷ್ಟು ಕಷ್ಟಪಟ್ಟಿದ್ದ! ಅನುಮಾನ ಪಡುವವನು ಸಣ್ಣ ಮನುಷ್ಯ ಎಂದು.

“ನೀರಿಗಿಳಿಯದವರಿಗೂ ಪಾಲು ಉಂಟಾ?” ಸ್ವರ ಅವನದೇ ಕಿವಿಗೆ ಮೇಷ್ಟರ ಸ್ವರದಂತೆ ಕೇಳಿತು.

“ಅವರು ನಮ್ಮವರಲ್ವಾ,” ಅಂದ ದೇರಣ್ಣ. ಅಷ್ಟೇ. ಚುಚ್ಚಲಿಕ್ಕೆಂದು ಹೇಳಿದ ಮಾತಲ್ಲ.

“ಹಾಗಾದರೆ ಅದನ್ನು ನನ್ನ ಕೈಯಲ್ಲಿ ಕೊಡಿ. ಮನೆಗೇ ಕೊಂಡುಹೋಗ್ತೇನೆ.”

“ಅಯ್ಯೋ, ಬೇಡಪ್ಪ!” ಈಶ್ವರಿ ಬಾಲ್ದಿಯನ್ನು ಎದೆಗವಚಿಕೊಂಡಳು. “ಭಟ್ರ ಕೈಯಲ್ಲಿ ಮೀನು ಹೊರಿಸಿದ್ಲು ಈಶ್ವರಿ ಅಂತ ಊರಿಡೀ ಆಗ್ತದೆ. ನಮಗೆ ಮಕ್ಕಳು ಮರಿ ಉಂಟು.”

“ನನಗೆ ಬೇಕು ಅಂತ ಹೇಳ್ತಾ ಇದ್ದೇನೆ.”

“ಎಂತಕ್ಕೆ ಸರ್?” ಜಯಪ್ರಕಾಶ ಕೇಳಿದ.

ಈ ಸಲ ಬೆಕ್ಕು ಬರಲಿಲ್ಲ. “ತಿನ್ಲಿಕ್ಕೆ. ನನಗೆ. ತಿನ್ಲಿಕ್ಕೆ.”

ಮೂವರೂ ಅವನ ಮುಖ ನೋಡಿದರು. ಆಮೇಲೆ ದೇರಣ್ಣ ತೊಡೆಗೆ ಹೊಡೆದುಕೊಂಡು ನಕ್ಕ. ಕೆಮ್ಮು ಬರುವವರೆಗೆ ನಕ್ಕ. “ಭಟ್ರು ಭಾರಿ ತಮಾಷೆ ಮಾರಾಯ್ರೆ! ಒಂದು ಗಳಿಗೆ ನಾನೂ ನಂಬಿದೆ!” ಈಶ್ವರಿ ಸೆರಗು ಬಾಯಿಗೊತ್ತಿ ನಕ್ಕಳು. ಜಯಪ್ರಕಾಶನೂ, ಸರ್ ಜೋಕು ಮಾಡಿದಾಗ ನಗಬೇಕೆಂಬ ಹಳೇ ಅಭ್ಯಾಸದಿಂದ, ನಕ್ಕ.

ಗೌರೀಶಂಕರನೂ ನಕ್ಕ. ತಾನೇಕೆ ನಗುತ್ತಿದ್ದೇನೆ ಎಂದು ಕೇಳಿಕೊಂಡ. ನಗು ನಿಲ್ಲಲಿಲ್ಲ.

“ಮಳೆಗೆ ಪೂರಾ ಚಂಡಿ ಆಗಿದ್ದೀರಿ ಸರ್, ಆಟೋದಲ್ಲಿ ಬಿಡ್ಲಾ?”

“ಬೇಡ.”

ಅವರು ಹೋದರು. ಅವನು ಬದುವಿನಲ್ಲಿ ಒಬ್ಬನೇ ಉಳಿದ.

ಮೀನು ಕಂಡದ್ದು ಆಗ. ಗದ್ದೆಯ ಮೂಲೆಯ ಆಳವಿಲ್ಲದ ನೀರಿನಲ್ಲಿ ಮೀಸೆಯ ಕಪ್ಪು ಮುಗುಡು ಒಂದು ಹೊಟ್ಟೆ ಎಳೆಯುತ್ತಾ ಹೋಗುತ್ತಿತ್ತು. ಎಲ್ಲರ ಕೈ ತಪ್ಪಿಸಿಕೊಂಡದ್ದು. ಅಥವಾ ಯಾರಿಗೂ ಬೇಡವಾದದ್ದು. ಅವನು ಯೋಚಿಸಲಿಲ್ಲ. ಬದುಕಿನಲ್ಲಿ ಯೋಚಿಸದೆ ಮಾಡಿದ ಕೆಲಸ ಅದೊಂದೇ ಇರಬೇಕು. ಎರಡೂ ಕೈ ಹಾಕಿ ಒತ್ತಿ ಹಿಡಿದ. ಅದು ತನ್ನ ಮುಳ್ಳಿನಿಂದ ಅಂಗೈಗೆ ಚುಚ್ಚಿತು. ನೋವು ಭುಜದವರೆಗೆ ಹತ್ತಿತು. ಕೈ ಬಿಟ್ಟು, ಬದುವಿನ ಮೇಲಿದ್ದ ಕೊಡೆಯನ್ನೇ ಮಗುಚಿ ನೀರಿಗದ್ದಿ, ನೀರು ಕೆಸರಿನ ಸಮೇತ ಅದನ್ನು ಮೇಲೆತ್ತಿದ.

ಕೊಡೆಯೊಳಗೆ ಮುಗುಡು ಒಂದು ಸುತ್ತು ಹೊಡೆಯಿತು.

ಅವನು ಎರಡೂ ಕೈಯಲ್ಲಿ ಕೊಡೆಯ ಅಂಚು ಹಿಡಿದು, ತಲೆ ಮೇಲೆ ಮಳೆ ಸುರಿಸಿಕೊಳ್ಳುತ್ತಾ, ಬರಿಗಾಲಲ್ಲಿ ರಸ್ತೆಗೆ ಬಂದ. ಅಂಗೈಯಲ್ಲಿ ರಕ್ತ ಬರುತ್ತಿತ್ತು. ವಿಚಿತ್ರವಾದ ಹಗುರ. ಇದು ಪೋಕರ್ ಕೊಟ್ಟದ್ದಲ್ಲ, ದೇರಣ್ಣ ಹಾಕಿದ ಪಾಲಲ್ಲ. ಗೇಟು ತೆಗೆಯುವುದು, ಅವಳ ಮುಂದೆ ಇಡುವುದು. ಆಮೇಲೆ ಅವಳು ಬೂದಿ ಹಾಕಿ ತಿಕ್ಕುತ್ತಾಳೆ, ಕತ್ತಿ ತೆಗೆಯುತ್ತಾಳೆ. ಆಮೇಲೆ ಮೇಜು. ಆಮೇಲೆ ಬಟ್ಟಲು. ಆಮೇಲೆ ಬಾಯಿ.

ಹೆಜ್ಜೆ ನಿಧಾನವಾಯಿತು.

ತಿರುವಿನಲ್ಲಿ ಮಧ್ಯಾಹ್ನದ ಸುಳ್ಯ ಬಸ್ಸು ಬಂತು. ಅವನು ರಸ್ತೆಯ ನಡುವೆ ಇದ್ದ. ಬಸ್ಸು ಕಿರುಚಿ ನಿಂತಿತು. ಡ್ರೈವರ್ ತಲೆ ಹೊರಹಾಕಿದ.

“ಎಂತ ಮಾರಾಯ್ರೆ, ಮಳೆ ಬರುದು ಮೇಲಿಂದ! ಕೊಡೆ ಉಲ್ಟಾ ಹಿಡಿದಿದ್ದೀರಲ್ಲ, ಎಂತ ಉಂಟು ಅದರಲ್ಲಿ?”

ಬಸ್ಸಿನ ಶಟರುಗಳೆಲ್ಲ ಮುಚ್ಚಿದ್ದವು. ಒಳಗೆ ಯಾರಿದ್ದಾರೆ ಕಾಣುತ್ತಿರಲಿಲ್ಲ. ಅವರಿಗೆ ಹೊರಗಿನದು ಕೇಳುತ್ತಿರಬೇಕು.

“ಎಂತ ಇಲ್ಲ,” ಅಂದ ಗೌರೀಶಂಕರ.

ಮಧ್ಯದ ಒಂದು ಶಟರು ಬೆರಳಿನಷ್ಟು ಮೇಲೆದ್ದಿತು. ಮತ್ತೆ ಬಿತ್ತು.

ಬಸ್ಸು ಅವನನ್ನು ಬಳಸಿಕೊಂಡು ಹೋಯಿತು. ನಿಂತಲ್ಲಿಂದ ಮನೆ ಕಾಣುತ್ತಿತ್ತು. ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಮಳೆಗೆ ಮುಚ್ಚಿದ್ದೋ, ಮನೆಗೆ ಬೀಗ ಹಾಕಿ ಹೋದದ್ದೋ. ನಾಲ್ಕು ಹೆಜ್ಜೆ ಹೋಗಿ ನೋಡಿದರೆ ತಿಳಿಯುತ್ತಿತ್ತು. ಅವನು ಹೋಗಲಿಲ್ಲ. ಅವಳು ಬಸ್ಸಿನಲ್ಲೇ ಇರಲಿ, ಬಸ್ಸಿನಲ್ಲೇ ಇರಲಿ ಎಂದು ತನ್ನೊಳಗೆ ಯಾರೋ ಬೇಡಿಕೊಳ್ಳುತ್ತಿದ್ದರು. ಆ ಸ್ವರದ ಗುರುತು ಸಿಗಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ.

ಕೊಡೆಯಲ್ಲಿ ಮಳೆ ತುಂಬುತ್ತಿತ್ತು. ನೀರು ಏರಿದಂತೆ ಮುಗುಡು ಏರುತ್ತಾ ಅಂಚಿಗೆ ಬಂತು, ಮೀಸೆ ಹೊರಗೆ ಚಾಚಿತು. ಇನ್ನೊಂದಿಷ್ಟು ಮಳೆ ಬಂದರೆ ತಾನಾಗಿ ಹೋಗುತ್ತಿತ್ತು. ಅವನು ಕೊಡೆಯನ್ನು ಓರೆಮಾಡಿ ನೀರು ಚೆಲ್ಲಿದ. ಮೀನು ತಳಕ್ಕೆ ಬಿದ್ದು ಕೊಡೆಯ ನಡುಕಂಬಿಯನ್ನು ಸುತ್ತತೊಡಗಿತು. ಮತ್ತೆ ಮಳೆ ತುಂಬಿತು. ಮತ್ತೆ ಚೆಲ್ಲಿದ.