ಆಲಮೇಲದ ಬಿಸಿಲು ಉಂಡವನು

ದಕ್ಷಿಣ ಸುಡಾನಿನಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆ ಶಿಬಿರದಲ್ಲಿ ಇಳಿದ ದಿನವೇ ನಾಯಕ್ ಜಾಹಿದ ತನ್ನ ತುಕಡಿಯವರಿಗೆ ಹೇಳಿಬಿಟ್ಟಿದ್ದ: ಬಿಸಿಲಿನ ಚಿಂತೆ ನನಗೆ ಬಿಡಿ, ನಾನು ಆಲಮೇಲದವನು. ಅವರೆಲ್ಲ ಹಿಮಾಚಲದವರು. ಆಲಮೇಲ ಸಿಂದಗಿಯ ಆಚೆ, ಭೀಮಾ ನದಿಯ ಹತ್ತಿರ ಎಂದರೆ ಅವರಿಗೇನು ತಿಳಿದೀತು? ಬೇಸಿಗೆಯಲ್ಲಿ ಅಲ್ಲಿ ಕಾಗೆಯೂ ಹಾರುವುದಿಲ್ಲ ಎಂದ. ಅವರು ನಂಬಿದರು.

ಮಾರ್ಚಿನ ಒಂದು ಮಧ್ಯಾಹ್ನ ಗಸ್ತು ಹೊರಟರು. ಎದೆಗೆ ಗುಂಡು ತಡೆಯುವ ಭಾರದ ಅಂಗಿ, ತಲೆಗೆ ನೀಲಿ ಹೆಲ್ಮೆಟ್ಟು. ಹಾದಿಯ ಎರಡೂ ಕಡೆ ಜೋಳ ಕೊಯ್ದ ಹೊಲಗಳು. ಆ ಕೂಳೆ ನೋಡಿ ಜಾಹಿದನಿಗೆ ತನ್ನ ಊರೇ ಕಂಡಂತಾಗಿ ಹುರುಪು ಹೆಚ್ಚಿತು. ತುಸು ನೆರಳಿಗೆ ನಿಲ್ಲೋಣ ಎಂದ ಸಿಪಾಯಿ ಠಾಕೂರನನ್ನು ಗೇಲಿ ಮಾಡಿ ಮುಂದೆ ನಡೆದ. ಸ್ವಲ್ಪ ಹೊತ್ತಿಗೆ ಗೇಲಿ ಮಾಡಿದವನೇ ಮೊಣಕಾಲೂರಿ ಕೂತ. ಠಾಕೂರ ಅವನನ್ನು ಹೆಗಲಿಗೆ ಹಾಕಿಕೊಂಡು ತಂದ.

ಆಸ್ಪತ್ರೆಯ ಡೇರೆಗೆ ಮೇಜರ್ ಬಂದರು. ಇನ್ನು ಗಸ್ತು ಬೇರೆಯವರಿಗೆ, ನೀನು ಉಗ್ರಾಣ ನೋಡಿಕೋ ಎಂದರು. ಜಾಹಿದನಿಗೆ ಸಲಾಯಿನ್ ಸೂಜಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಆ ತೀರ್ಮಾನ ನಾಳೆವರೆಗೆ ತಡೆಯಿರಿ ಸರ್ ಎಂದು ಬೇಡಿಕೊಂಡ.

ಎದ್ದು ಕೂರುವಷ್ಟಾದ ಕೂಡಲೇ ಊರಿಗೆ ಫೋನ್ ಮಾಡಿದ. ಅವನ ತಾಯಿ ಪೀರಬಿ ಎಲ್ಲ ಕೇಳಿಸಿಕೊಂಡಳು. ಅಳುತ್ತಾಳೆ ಎಂದುಕೊಂಡಿದ್ದ, ಆಕೆ ಬೈದಳು.

“ಯಾವ ಬಿಸಲು ಉಂಡೀಯಪಾ ನೀ? ರಾಶಿ ಮಾಡೂವಾಗ ನಸಿಕಿನ್ಯಾಗ ಹೋಗಿ, ಹೊತ್ತು ಏರೂದ್ರಾಗ ಬೇವಿನ ಗಿಡದ ಬುಡಕ ಬಿದ್ಕೋತಿದ್ದಿ. ಸಂಜಿ ಆಗೂತನಾ ಎಬ್ಬಿಸಿದ್ರ ಏಳ್ತಿದ್ದಿಲ್ಲ. ನೀ ಬಿಸಲು ನೋಡಿದ್ದು ನೆಳ್ಳಾಗ ಕುಂತು.”

ಜಾಹಿದ ನಕ್ಕುಬಿಟ್ಟ. “ಖರೇ ಐತಿ ಯವ್ವಾ. ಅದನ್ನ ಮರತಿದ್ದೆ.”

ಊರಿನ ಜನ ಬಿಸಿಲನ್ನು ಗೆದ್ದವರಲ್ಲ, ಅದಕ್ಕೆ ದಾರಿ ಬಿಟ್ಟು ಬದುಕಿದವರು. ಮರುದಿನ ಮೇಜರರ ಎದುರು ಅದನ್ನೇ ಹೇಳಿದ: ನಸುಕಿನಲ್ಲಿ ಹೊರಡುವುದು, ಬಿಸಿಲೇರುವ ಮೊದಲೇ ಹಳ್ಳಿಯ ಕೆಲಸ ಮುಗಿಸುವುದು, ಪಾಳಿಯಲ್ಲಿ ಕಾವಲು ನಿಂತು ಅಲ್ಲೇ ನೆರಳಲ್ಲಿ ಉಳಿಯುವುದು, ಇಳಿಹೊತ್ತಿಗೆ ಮರಳುವುದು. ಶಾಂತಿಪಡೆ ಮಲಗಿ ಗೊರಕೆ ಹೊಡೆಯುತ್ತದೆ ಎಂದು ಜನ ಆಡಿಕೊಂಡಾರು, ಎಂದರು ಮೇಜರ್. ಬಿದ್ದು ಹೊರಿಸಿಕೊಂಡು ಬರುವುದಕ್ಕಿಂತ ವಾಸಿ ಸರ್, ಎಂದ ಜಾಹಿದ. ಮೇಜರರ ತುಟಿ ತುಸು ಸಡಿಲಾಯಿತು. ಒಂದು ಸಲ ನೋಡೋಣ, ಒಬ್ಬ ಬಿದ್ದರೂ ಉಗ್ರಾಣವೇ ಗತಿ ಎಂದರು.

ಆ ಗಸ್ತಿನ ದಿನ ನಸುಕಿನಲ್ಲೇ ಹೊರಟು, ಅಂದುಕೊಂಡದ್ದಕ್ಕಿಂತ ಬೇಗ ಹಳ್ಳಿಯ ಕೆಲಸ ಮುಗಿಸಿದರು, ಆದರೆ ಬಿಸಿಲು ಏರತೊಡಗಿತ್ತು. ಶಿಬಿರದ ನೀರಿನ ಗೋಪುರ ದೂರದಲ್ಲಿ ಕಾಣುತ್ತಿತ್ತು. ಅಲ್ಲಿ ಕೂಲರ್ ಇದೆ, ತಣ್ಣೀರಿದೆ, ಬಿರಬಿರನೆ ನಡೆದರೆ ಮುಟ್ಟುತ್ತೇವೆ ಎಂದು ಠಾಕೂರ ಶುರುಮಾಡಿದ. ಉಳಿದವರೂ ದನಿಗೂಡಿಸಿದರು. ಜಾಹಿದನ ಕಾಲಿಗೂ ಅದೇ ಆಸೆ ಇತ್ತು. ಬೇಗ ಮರಳಿದರೆ ಮೇಜರ್ ಮೆಚ್ಚಲೂಬಹುದಿತ್ತು.

ಅವನು ಹೆಲ್ಮೆಟ್ ಕೆಳಗಿಟ್ಟು, ಹೆಸರು ಗೊತ್ತಿಲ್ಲದ ದೊಡ್ಡ ಮರದ ಬುಡದಲ್ಲಿ ಕೂತ. ಅಲ್ಲಿ ಆಗಲೇ ಮಲಗಿದ್ದ ಹಳ್ಳಿಯ ಮುದುಕನೊಬ್ಬ ಕಣ್ಣು ತೆರೆಯದೆ ಕಾಲು ಮಡಚಿ ಜಾಗ ಕೊಟ್ಟ. ಮೊದಲ ಕಾವಲು ನನ್ನದು, ನೀವು ಮಲಗಿ ಎಂದ ಜಾಹಿದ. ಠಾಕೂರ ಗೊಣಗುತ್ತಲೇ ಅಡ್ಡಾದ, ಗೊಣಗುತ್ತಲೇ ನಿದ್ದೆ ಹೋದ.

ಹೊತ್ತು ಇಳಿದ ಮೇಲೆ ತುಕಡಿ ಶಿಬಿರದ ಗೇಟು ಹೊಕ್ಕಿತು, ಎಲ್ಲರೂ ತಮ್ಮ ತಮ್ಮ ಕಾಲ ಮೇಲೆ. ಮೇಜರ್ ಗೇಟಿನಲ್ಲೇ ನಿಂತಿದ್ದರು. ಒಬ್ಬೊಬ್ಬರ ಮುಖ ನೋಡಿ, ಮುಂದಿನ ಗಸ್ತು ಯಾವಾಗ ಎಂದು ಜಾಹಿದನನ್ನೇ ಕೇಳಿದರು.